ಎಲ್ಲರೂ ಕೂಗಿದ ಹೆಸರು

"ಗುರುಗಳೇ, ಮಠದ ಆಡಳಿತ ನನ್ನ ಕೈಗೆ ಬಂದಂದಿನಿಂದ ಎಲ್ಲರೂ ನನಗೆ ತಲೆಬಾಗುತ್ತಾರೆ. ಅವರಲ್ಲಿ ನಿಜವಾಗಿ ನನ್ನವರು ಯಾರೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯನು ಕೇಳಿದನು.

ಗುರುಗಳು ಈ ಕತೆ ಹೇಳಿದರು.

ಜಾರ್ಜ್ ಎಂಬ ಹೆಸರಿನ ಅರಸರು ಒಬ್ಬರ ಹಿಂದೊಬ್ಬರು ಇಂಗ್ಲೆಂಡನ್ನು ಆಳುತ್ತಿದ್ದ ಕಾಲ. ಅವರ ರಾಜ್ಯಕ್ಕೆ ಸೇರಿದ ವೇಲ್ಸ್ ಎಂಬ ಗುಡ್ಡಗಾಡು ಸೀಮೆಯಲ್ಲಿ ರೋಡರಿಕ್ ಎಂಬ ಜಮೀನ್ದಾರನಿದ್ದನು. ಮೂರು ಕಣಿವೆಗಳ ಭೂಮಿ ಅವನದು. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಆ ಸೀಮೆಯ ಪ್ರತಿನಿಧಿಯೂ ಅವನೇ.

ಆಗ ಗುಟ್ಟಿನ ಮತದಾನವಿರಲಿಲ್ಲ. ಪೇಟೆಯ ಚೌಕದಲ್ಲಿ ಮರದ ಅಟ್ಟಣೆ ಕಟ್ಟುತ್ತಿದ್ದರು. ಮತದಾರನು ಅದನ್ನು ಹತ್ತಿ, ತನಗೆ ಬೇಕಾದವನ ಹೆಸರನ್ನು ಎಲ್ಲರೆದುರು ಕೂಗಿ ಹೇಳಬೇಕಿತ್ತು. ಉಮೇದುವಾರನು ಪಕ್ಕದಲ್ಲೇ ಕುಳಿತು ಕೇಳುತ್ತಿದ್ದನು. ನಾಲ್ಕು ಚುನಾವಣೆಗಳಲ್ಲಿ ರೋಡರಿಕನ ಗೇಣಿದಾರರೆಲ್ಲ ಅವನ ಹೆಸರನ್ನೇ ಕೂಗಿದ್ದರು. ಒಬ್ಬನೂ ತಪ್ಪಿರಲಿಲ್ಲ.

ಅದೇ ಅವನನ್ನು ಕೊರೆಯತೊಡಗಿತು. ಇಷ್ಟು ಜನರಲ್ಲಿ ಒಬ್ಬನಿಗೂ ನನ್ನ ಮೇಲೆ ಮುನಿಸಿಲ್ಲವೇ? ಇದು ಪ್ರೀತಿಯೋ, ಭಯವೋ? ಅವನು ಇಂಗ್ಲಿಷಿನಲ್ಲಿ ಬೆಳೆದವನು. ಗೇಣಿದಾರರು ತಮ್ಮೊಳಗೆ ಆಡುವ ವೆಲ್ಷ್ ಮಾತು ಅವನಿಗೆ ತಿಳಿಯದು; ಅವನೊಡನೆ ಅವರು ಹರಕು ಇಂಗ್ಲಿಷಿನಲ್ಲಿ ಆಡುತ್ತಿದ್ದರು. ಅವನು ಹಿಟ್ಟಿನ ಗಿರಣಿಯ ಬಾಗಿಲಿಗೆ ಬಂದರೆ ಒಳಗಿನ ನಗು ನಿಲ್ಲುತ್ತಿತ್ತು. ಚರ್ಚಿನ ಅಂಗಳದಲ್ಲಿ ಇಬ್ಬರು ಪಿಸುಗುಟ್ಟಿದರೆ ಅದು ತನ್ನ ಮಾತೇ ಎನಿಸುತ್ತಿತ್ತು. ಅವರು ಏನು ಆಡಿದರೆಂದು ಕೇಳಿದರೆ, ಅವನ ಜಮೀನು ನೋಡಿಕೊಳ್ಳುವ ಪಾರುಪತ್ಯಗಾರನು, "ಮಳೆಬೆಳೆಯ ಮಾತು, ದಣಿ" ಎನ್ನುತ್ತಿದ್ದನು. ಕ್ರಮೇಣ ಪಾರುಪತ್ಯಗಾರನ ಮೇಲೂ ಅವನಿಗೆ ನಂಬಿಕೆ ಹೋಯಿತು.

ಐದನೆಯ ಚುನಾವಣೆ ಬಂತು. ರೋಡರಿಕನು ಗೇಣಿದಾರರನ್ನು ಸೇರಿಸಿದನು. "ಈ ಸಲ ನಿಮ್ಮ ಮನಸ್ಸಿಗೆ ಬಂದವರಿಗೆ ಮತ ಕೊಡಿ. ಅದಕ್ಕಾಗಿ ಯಾರ ಭೂಮಿಯೂ ಹೋಗುವುದಿಲ್ಲ. ಇದು ನಾನು ಕೊಡುವ ಮಾತು" ಎಂದನು. ಯಾರೂ ತಲೆಯೆತ್ತಲಿಲ್ಲ. ಇದು ತಮಗೆ ಒಡ್ಡಿದ ಬಲೆಯೆಂದು ಅವರು ಬಗೆದರು.

ಮತದಾನದ ದಿನ ಅವರು ಎಂದಿಗಿಂತ ಜೋರಾಗಿ ಅವನ ಹೆಸರನ್ನು ಕೂಗಿದರು. ರೋಡರಿಕನು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕುಳಿತನು. ಆಗ ಇಡ್ವಾಲ್ ಎಂಬ ಕುರಿ ಸಾಕುವ ಗೇಣಿದಾರನು ಅಟ್ಟಣೆ ಹತ್ತಿ ಎದುರಾಳಿಯ ಹೆಸರನ್ನು ಹೇಳಿದನು. ಒಂದು ಗಳಿಗೆ ರೋಡರಿಕನ ಎದೆ ಹಗುರಾಯಿತು. ಇಷ್ಟು ವರ್ಷಗಳಲ್ಲಿ ಅವನು ಕೇಳಿದ ಮೊದಲ ನಿಜವಾದ ದನಿ ಅದು. ಮರುಗಳಿಗೆಯೇ ಅವನ ಮೈ ಉರಿಯಿತು.

ಗೆದ್ದ ಮೇಲೆ ಅವನು ಇಡ್ವಾಲನನ್ನು ಕರೆಸಿದನು.

"ನಿನಗೆ ಇದನ್ನು ಹೇಳಿಕೊಟ್ಟವರು ಯಾರು?"

"ಯಾರೂ ಇಲ್ಲ, ದಣಿ. ನಮ್ಮ ಕುರಿಗಳು ಮೇಯುತ್ತಿದ್ದ ಊರ ಗುಡ್ಡಕ್ಕೆ ನೀವು ಪಾರ್ಲಿಮೆಂಟಿನಲ್ಲಿ ಕಾನೂನು ಮಾಡಿಸಿ ಬೇಲಿ ಹಾಕಿಸಿದಿರಿ. ಅದು ಸರಿಯಲ್ಲವೆಂದು ನಿಮಗೆ ತಿಳಿಸಬೇಕೆಂದಿದ್ದೆ. ಮನಸ್ಸಿಗೆ ಬಂದಂತೆ ಮಾಡಿ ಎಂದು ನೀವೇ ಹೇಳಿದಿರಿ. ನಾನು ನಿಮ್ಮ ಮಾತು ನಂಬಿದೆ."

ರೋಡರಿಕನು ಅದನ್ನು ನಂಬಲಿಲ್ಲ. ಇಡ್ವಾಲನ ಮನೆಗೆ ಬಂದುಹೋದವರು ಯಾರು, ಎದುರಾಳಿಯ ಆಳು ಅವನನ್ನು ಎಲ್ಲಿ ಕಂಡನು ಎಂದು ಚಳಿಗಾಲವಿಡೀ ವಿಚಾರಿಸಿದನು. ಏನೂ ಸಿಗಲಿಲ್ಲ. ಏನೂ ಸಿಗದಿದ್ದುದೇ ಅವನಿಗೆ ದೊಡ್ಡ ಸಾಕ್ಷಿಯಾಯಿತು. ಇಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಾರೆಂದರೆ ಸಂಚು ಎಷ್ಟು ಆಳವಿರಬೇಕು ಎಂದುಕೊಂಡನು. ವಸಂತದಲ್ಲಿ ಇಡ್ವಾಲನ ಗೇಣಿಯ ಅವಧಿ ಮುಗಿಯಿತು. ಅವನು ಅದನ್ನು ಮುಂದುವರಿಸಲಿಲ್ಲ.

ಇಡ್ವಾಲನು ಪಾತ್ರೆ, ಹಾಸಿಗೆ, ತೊಟ್ಟಿಲುಗಳನ್ನು ಗಾಡಿಗೆ ಹೇರಿ ಹೆಂಡತಿಯೊಡನೆ ಹೊರಟನು. ನೆರೆಯವರು ಬಾಗಿಲಲ್ಲೇ ನಿಂತರು. ಬೀಳ್ಕೊಡಲು ಯಾರೂ ಬರಲಿಲ್ಲ. ರೋಡರಿಕನು ಮಹಡಿಯ ಕಿಟಕಿಯಿಂದ ನೋಡುತ್ತಿದ್ದನು. ದೊಡ್ಡ ಮನೆಯ ಮುಂದೆ ಹಾಯುವಾಗ ಇಡ್ವಾಲನು ಎಂದಿನಂತೆ ಟೋಪಿ ತೆಗೆದು ವಂದಿಸಿದನು. ಆ ವಂದನೆಯಲ್ಲಿ ಕುಹಕವಿತ್ತೇ ಎಂದು ರೋಡರಿಕನು ಬಹಳ ದಿನ ಯೋಚಿಸಿದನು.

ಮುಂದಿನ ಚುನಾವಣೆಯಲ್ಲಿ ಒಂದು ಮತವೂ ತಪ್ಪಲಿಲ್ಲ. ಗೆದ್ದವನನ್ನು ಕುರ್ಚಿಯಲ್ಲಿ ಕೂರಿಸಿ, ಹೆಗಲ ಮೇಲೆ ಹೊತ್ತು, ಪೇಟೆಯಲ್ಲಿ ಮೆರೆಸುವುದು ಅಲ್ಲಿನ ಪದ್ಧತಿ. ಗೇಣಿದಾರರು ರೋಡರಿಕನನ್ನು ಹೊತ್ತು ಜಯಕಾರ ಹಾಕಿದರು. ಇವರಲ್ಲಿ ಯಾರು ಹೆಗಲು ಜಾರಿಸುತ್ತಾರೋ ಎಂದು ಅವನು ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕುಳಿತಿದ್ದನು.

ಗುರುಗಳು ನಿಲ್ಲಿಸಿದರು.

"ತನ್ನವರು ಯಾರೆಂದು ಕೊನೆಗಾದರೂ ಅವನಿಗೆ ತಿಳಿಯಿತೇ?" ಎಂದು ಶಿಷ್ಯನು ಕೇಳಿದನು.

"ಅದಿರಲಿ, ಈ ವರ್ಷ ನೀನು ಮಠದಿಂದ ಹೊರಗೆ ಕಳುಹಿಸಿದ್ದು ಯಾರನ್ನು?" ಎಂದರು ಗುರುಗಳು.

"ನನ್ನ ತಪ್ಪನ್ನು ಎಲ್ಲರೆದುರು ಹೇಳಿದವನನ್ನು" ಎಂದನು ಶಿಷ್ಯನು.