ಗಂಗಿಯ ಕೊನೆಯ ಹಾಡು

ಹಂಪಮ್ಮನವರ ಆಶ್ರಮ ಇದ್ದದ್ದು ಹೊಳೆಯ ದಡದಲ್ಲಿ.

ಅಲ್ಲಿ ಕಲ್ಲೇಶ ಪದ ಕಟ್ಟುವುದನ್ನು ಕಲಿಯುತ್ತಿದ್ದ. ವನಜಾಕ್ಷಿ ಹಾಡು ಕಲಿಯುತ್ತಿದ್ದಳು. ಈರಣ್ಣ ತೊಗಲುಗೊಂಬೆ ಆಡಿಸುವ ಮನೆತನದವನು. ಬಿಳಿ ಪರದೆಯ ಹಿಂದೆ ದೀಪವಿಟ್ಟು ನೆರಳಿನಲ್ಲಿ ಏನು ಬೇಕಾದರೂ ತೋರಿಸುತ್ತಿದ್ದ.

ಒಂದು ದಿನ ಹಂಪಮ್ಮ ಮೂವರನ್ನೂ ಕರೆದರು.

"ನೀವು ಸೇರಿ ಒಂದು ಹೊಸ ನಾಟಕ ಕಟ್ಟಿ. ಮೊದಲಿನಿಂದ ಕೊನೆಯವರೆಗೂ ಹಾಡಿನಲ್ಲೇ ಸಾಗಬೇಕು. ಹುಣ್ಣಿಮೆಗೆ ಆಚೆ ದಡದ ಊರಿನಲ್ಲಿ ಆಡಿ."

ಕಥೆಯನ್ನು ಕಲ್ಲೇಶ ಹೆಣೆದ. ಗಂಗಿ ಹರಿಗೋಲು ಹಾಕುವವಳು. ಹೊಳೆ ತುಂಬಿ ಬಂದ ದಿನ ಆಚೆ ದಡದಿಂದ ಯಾರೋ ಅವಳನ್ನು ಕೂಗುತ್ತಾರೆ. ಹೆದರಿದ ಅವಳು ಹೋಗುವುದಿಲ್ಲ. ಕೂಗಿ ಕೂಗಿ ಸೋತವನು ನೀರಿಗಿಳಿದು ಮುಳುಗುತ್ತಾನೆ. ಹೆಣ ದಡಕ್ಕೆ ಬಂದಾಗ ನೋಡಿದರೆ, ಎಷ್ಟೋ ವರ್ಷದ ಹಿಂದೆ ಊರು ಬಿಟ್ಟುಹೋಗಿದ್ದ ಅವಳ ಅಣ್ಣ.

ಅಲ್ಲಿಯವರೆಗೆ ಎಲ್ಲ ಸರಾಗವಾಗಿತ್ತು. ಹೆಣದ ಮುಂದೆ ಕೂತ ಗಂಗಿ ಏನು ಹಾಡಬೇಕು ಎನ್ನುವಲ್ಲಿ ಜಗಳ ಹತ್ತಿತು.

ಕಲ್ಲೇಶ ಉದ್ದನೆಯ ಪದ ಬರೆದಿದ್ದ. ತನ್ನ ಅಪ್ಪ ತೀರಿಕೊಂಡಾಗ ಅಳಲಾಗದೆ ಉಳಿದದ್ದನ್ನೆಲ್ಲ ಅದರಲ್ಲಿ ಸುರಿದಿದ್ದ.

"ಇಷ್ಟೊಂದು ಮಾತು ದುಃಖದಲ್ಲಿದ್ದವರ ಬಾಯಲ್ಲಿ ಬರಲ್ಲ," ಎಂದಳು ವನಜಾಕ್ಷಿ. "ಬರೀ ರಾಗ ಸಾಕು."

"ರಾಗವೂ ಬೇಡ," ಎಂದ ಈರಣ್ಣ. "ಖಾಲಿ ಹರಿಗೋಲು ತೇಲಿ ಹೋಗೋದನ್ನ ಪರದೆ ಮೇಲೆ ತೋರಿಸ್ತೀನಿ. ಜನಕ್ಕೆ ಅರ್ಥ ಆಗುತ್ತೆ."

ಮಾತಿಗೆ ಮಾತು ಬೆಳೆಯಿತು. ಕಲ್ಲೇಶ ಯಾರಿಗೂ ಹೇಳದೆ ಗುರುವಿನ ಬಳಿ ಹೋದ. ಹಂಪಮ್ಮ ಸೊಪ್ಪು ಸೋಸುತ್ತಿದ್ದರು.

"ಅಮ್ಮ, ಈ ನಾಟಕದಲ್ಲಿ ಯಾರ ಮಾತು ನಡೀಬೇಕು?"

"ಈರಣ್ಣನದು."

ತನ್ನ ಹೆಸರು ಬರುತ್ತದೆಂದು ಕಾದಿದ್ದ ಕಲ್ಲೇಶನ ಮುಖ ಬಾಡಿತು.

"ಯಾಕಮ್ಮ?"

"ಅವನ ಕಡೆ ನೋಡ್ಕೊಂಡಿರು. ಯಾರಿಗೂ ಹೇಳಬೇಡ."

ಮರುದಿನದಿಂದ ಕಲ್ಲೇಶ ವಾದ ಮಾಡುವುದನ್ನು ಬಿಟ್ಟ. ಈರಣ್ಣ ಹೇಳಿದಂತೆ ಕೇಳಲು ತಯಾರಾಗಿ ಕೂತ. ಆದರೆ ಈರಣ್ಣ ಏನನ್ನೂ ಹೇಳಲೊಲ್ಲ.

"ವನಜಾಕ್ಷಿ ಏನಂತಾಳೋ ನೋಡೋಣ," ಎನ್ನುತ್ತಿದ್ದ.

ನಿನ್ನೆಯವರೆಗೆ ಹಟ ಹಿಡಿದಿದ್ದ ವನಜಾಕ್ಷಿ ಈಗ, "ನೀನು ಹೇಗೆ ಹೇಳಿದ್ರೆ ಹಾಗೆ, ಕಲ್ಲೇಶ," ಎನ್ನುತ್ತಿದ್ದಳು.

ಕಲ್ಲೇಶನಿಗೆ ತಲೆ ಬುಡ ತಿಳಿಯಲಿಲ್ಲ. ಇವರು ತನ್ನನ್ನು ಹಾಸ್ಯ ಮಾಡುತ್ತಿದ್ದಾರೆಯೇ? ಇಲ್ಲಾ ಆಟದ ಆಸೆಯನ್ನೇ ಬಿಟ್ಟರೇ?

ಆದರೂ ಗುರುವಿನ ಮಾತು ಎಂದು ಈರಣ್ಣನನ್ನೇ ನೋಡುತ್ತಿದ್ದ. ಹೊಳೆಯ ಉದ್ದನೆಯ ಪದ ಮುಗಿಯುವವರೆಗೆ ಮುಳುಗುವ ಅಣ್ಣನ ಗೊಂಬೆಯನ್ನು ಎತ್ತಿ ಹಿಡಿದು ಅವನ ಕೈ ಸೋಲುವುದು ಕಂಡಿತು. ಆ ಪದದಲ್ಲಿ ಒಂದು ನುಡಿಯನ್ನು ಕಲ್ಲೇಶ ತಾನೇ ಕಿತ್ತುಹಾಕಿದ. ಈರಣ್ಣ ಅವನತ್ತ ನೋಡಿ ತಲೆಯಾಡಿಸಿದ.

ಕೊನೆಯ ಹಾಡು ಮಾತ್ರ ತೀರ್ಮಾನವಾಗಲಿಲ್ಲ. ಹುಣ್ಣಿಮೆ ಬಂದೇಬಿಟ್ಟಿತು.

ಸಂಜೆ ಕವಿಯುವ ಹೊತ್ತಿಗೆ ಆಚೆ ದಡದ ಊರಿನ ಜನ ಬಂದು ನೆಲದ ಮೇಲೆ ಕೂತರು. ಹಂಪಮ್ಮ ಎಲ್ಲರ ಹಿಂದೆ ಕೂತರು. ಆಟ ಚೆನ್ನಾಗಿಯೇ ಸಾಗಿತು. ಈರಣ್ಣನ ಪರದೆಯ ಮೇಲೆ ಹೊಳೆ ಉಕ್ಕಿತು, ಅಣ್ಣ ಕೂಗಿದ, ಮುಳುಗಿದ. ಗಂಗಿಯ ವೇಷದ ವನಜಾಕ್ಷಿ ಪರದೆಯ ಮೇಲಿನ ಹೆಣದ ಮುಂದೆ ಕುಸಿದು ಕೂತಳು.

ಪರದೆಯ ಪಕ್ಕದಲ್ಲಿ ಕೂತಿದ್ದ ಕಲ್ಲೇಶ ಈರಣ್ಣನ ಕಡೆ ನೋಡಿದ. ಅವನು ದೀಪ ಸರಿಸಿದರೆ ಪದ ಎತ್ತಿಕೊಡಬೇಕು ಎಂದುಕೊಂಡಿದ್ದ.

ಈರಣ್ಣ ದೀಪ ಹಿಡಿದು ಪರದೆಯ ಅಂಚಿನಿಂದ ವನಜಾಕ್ಷಿಯನ್ನು ನೋಡುತ್ತಿದ್ದ.

ವನಜಾಕ್ಷಿ ಕಲ್ಲೇಶನನ್ನು ನೋಡುತ್ತಿದ್ದಳು.

ಯಾರೂ ಶುರು ಮಾಡಲಿಲ್ಲ.

ಆಟ ಕೆಟ್ಟಿತು, ಇನ್ನು ಈ ಜನರ ಎದುರು ತಲೆ ಎತ್ತುವುದು ಹೇಗೆ? ಕಲ್ಲೇಶ ಬಾಯಿ ತೆರೆದ, ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ವನಜಾಕ್ಷಿಯ ಕಣ್ಣಲ್ಲಿ ನೀರು ತುಂಬಿತು. ಅದು ಗಂಗಿಯ ದುಃಖವೋ ವನಜಾಕ್ಷಿಯ ಗಾಬರಿಯೋ, ಅವನಿಗೆ ಗೊತ್ತಾಗಲಿಲ್ಲ.

ಆಗ ಮುಂದೆ ಕೂತಿದ್ದ ಹೆಂಗಸೊಬ್ಬಳು ಎದ್ದಳು. ಸೆರಗು ಹೊದ್ದುಕೊಂಡು ನೇರ ರಂಗದೊಳಕ್ಕೆ ಬಂದಳು. ಗಂಗಿಯ ಹೆಗಲ ಮೇಲೆ ಕೈಯಿಟ್ಟಳು.

"ಏಳವ್ವ ತಂಗಿ. ಎಷ್ಟೊತ್ತಂತ ಕುಂತಿರ್ತೀ? ಮನೀಗೆ ಹೋಗಾಣ ಬಾ."

ವನಜಾಕ್ಷಿ ಅವಳ ಕೈ ಹಿಡಿದು ಎದ್ದಳು. ಇಬ್ಬರೂ ಜನರ ನಡುವೆ ಹಾದು ಹೊರಟುಹೋದರು. ಈರಣ್ಣ ದೀಪ ಆರಿಸಿದ.

ಚಪ್ಪಾಳೆ ಬೀಳಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.

ಬೆಳಿಗ್ಗೆ ಹೊಳೆ ದಾಟಿ ಬರುವಾಗ ಕಲ್ಲೇಶ ತಡೆಯಲಾರದೆ ಗುಟ್ಟು ಬಿಟ್ಟುಕೊಟ್ಟ. ಕೇಳಿದ ಈರಣ್ಣ ಬೆರಗಾದ. ಅವನೂ ಗುರುವಿನ ಬಳಿ ಹೋಗಿದ್ದ, ವನಜಾಕ್ಷಿಯೂ ಹೋಗಿದ್ದಳು. ಮೂವರೂ ನೇರ ಹಂಪಮ್ಮನವರ ಮುಂದೆ ಹೋಗಿ ನಿಂತರು.

"ಅಮ್ಮ, ನನಗೆ ಈರಣ್ಣ ಅಂದ್ರಿ," ಎಂದ ಕಲ್ಲೇಶ. "ಈರಣ್ಣನಿಗೆ ವನಜಾಕ್ಷಿ ಅಂದ್ರಿ. ಅವಳಿಗೆ ನನ್ನ ಹೆಸರು ಹೇಳಿದ್ರಿ. ಯಾವುದು ನಿಜ?"

"ಮೂರೂ."

"ಅದು ಹೇಗಾಗುತ್ತೆ?"

"ನಿನ್ನ ಹೆಸರು ಕೇಳೋಕೆ ನೀನು ಬಂದಿದ್ದೆ. ಅವರೂ ಹಾಗೇ ಬಂದಿದ್ರು. ಒಬ್ಬೊಬ್ಬರಿಗೆ ಇನ್ನೊಬ್ಬರ ಹೆಸರು ಕೊಟ್ಟೆ."

"ಅದರಿಂದಲೇ ಎಲ್ಲ ಕೆಟ್ಟಿತಮ್ಮ."

"ಕೆಟ್ಟಿತಾ?"

ಹೌದು ಎನ್ನಲು ಹೊರಟ ಕಲ್ಲೇಶ ತಡೆದುಕೊಂಡ. ಇಲ್ಲ ಎನ್ನಲೂ ಧೈರ್ಯವಾಗಲಿಲ್ಲ. ಅಪ್ಪ ಹೋದ ದಿನ ತನ್ನ ಹೆಗಲ ಮೇಲೂ ಯಾರಾದರೂ ಹಾಗೆ ಕೈಯಿಟ್ಟಿದ್ದರೆ ಎಂದು ರಾತ್ರಿಯೆಲ್ಲ ಅನಿಸಿತ್ತು. ತಾನು ಬರೆದ ಪದದಲ್ಲಿ ಆ ಕೈ ಇರಲಿಲ್ಲ.

"ಇನ್ನೊಂದು ಊರಿನವರು ಕರೆದಿದ್ದಾರೆ," ಎಂದ ಈರಣ್ಣ. "ಅಲ್ಲೂ ಹಾಗೇ ಸುಮ್ಮನಿದ್ದುಬಿಡೋಣ ಅಂತೀನಿ ನಾನು."

"ಬೇಕಂತಲೇ ಸುಮ್ಮನಿದ್ರೆ ಅದು ನಿನ್ನೆಯ ಹಾಗೆ ಆಗುತ್ತಾ?" ಎಂದಳು ವನಜಾಕ್ಷಿ.

ಕಲ್ಲೇಶ ಕೈಮುಗಿದ. "ನಮಗೆ ದಿಕ್ಕೇ ತೋಚ್ತಿಲ್ಲ. ಅಲ್ಲಿ ಹಾಡಬೇಕೋ, ಸುಮ್ಮನಿರಬೇಕೋ? ಇದೊಂದನ್ನ ಹೇಳಿಬಿಡಿ ಅಮ್ಮ."

ಹಂಪಮ್ಮ ಮೂವರನ್ನೂ ಒಮ್ಮೆ ನೋಡಿದರು.

"ನಿನ್ನೆ ಎದ್ದು ಬಂದ ಆ ಹೆಂಗಸು ಆ ಊರಿಗೂ ಬರ್ತಾಳಾ?"

"ಇಲ್ಲಮ್ಮ."

"ಹಾಗಾದ್ರೆ ಅಲ್ಲಿ ಯಾರು ಬಂದು ಕೂತಿರ್ತಾರೋ, ಮೊದಲು ಅವರ ಮುಖ ನೋಡಿ."