ಹೆಗ್ಗಣದ ಗುರುಗಳು

ಅನಿಲಕ್ಕಾಗಿ ನೆಲ ಕೊರೆಯುವ ಯಂತ್ರಕ್ಕೆ ಊರವರು ಹಾರ ಹಾಕಿ ಹೋದ ಮೇಲೆ ಹೆಗ್ಗಣವೊಂದು ಬಂದು ಕೈಮುಗಿಯಿತು.

"ಗುರುಗಳೇ, ನಾನು ಮೊಳದುದ್ದ ತೋಡಿದರೂ ಬೈಯುತ್ತಾರೆ. ತಾವು ಮಾಡುವುದೇನು?"

"ಮೈಲಿ ಆಳಕ್ಕೆ ನೀರು ನುಗ್ಗಿಸಿ ಬಂಡೆ ಸೀಳುತ್ತೇನೆ. ಅನಿಲ ಮೇಲೆ ಬರುತ್ತದೆ. ಉಳಿದ ಕೊಳಕು ನೀರನ್ನು ಮತ್ತೆ ಒಳಗೇ ತುಂಬುತ್ತೇನೆ."

"ಇಡೀ ಊರಿನ ಅಡಿಯಲ್ಲೇ? ಭೇಷ್! ನೆಲ ಅಲುಗಿದರೆ?"

"ಅಷ್ಟರಲ್ಲಿ ನಾನು ಮುಂದಿನ ಊರಿನಲ್ಲಿರುತ್ತೇನೆ."

ಹೆಗ್ಗಣ ಅಡ್ಡಬಿತ್ತು.

ಯಂತ್ರ ಹೋದ ವಾರಕ್ಕೇ ಭೂಮಿ ನಡುಗಿ, ಶಾಂತವೀರಮ್ಮನ ಮನೆಗೋಡೆ ಸೂರಿನಿಂದ ಬುಡದವರೆಗೆ ಬಿರುಕು ಬಿಟ್ಟಿತು. ಬುಡದಲ್ಲಿ ಹೆಗ್ಗಣ ಕೆದರಿದ ಮಣ್ಣು ಕಂಡಿತು. "ಎಲ್ಲಾ ಇದರದೇ ಕೆಲಸ" ಎಂದು ಆಕೆ ಸುಟ್ಟ ಕೊಬ್ಬರಿ ಸಿಕ್ಕಿಸಿ ಬೋನು ಇಟ್ಟಳು.

ಬೋನಿಗೆ ಬಿದ್ದ ಹೆಗ್ಗಣ ಬಿರುಕನ್ನು ಕಣ್ತುಂಬ ನೋಡಿತು. "ಎಂಥ ಗುರುಗಳು! ಅಷ್ಟು ದೊಡ್ಡ ಬಿಲ ತೋಡಿಯೂ ಬಾಗಿಲಲ್ಲಿ ಒಂದು ಹಿಡಿ ಮಣ್ಣು ಬಿಟ್ಟಿಲ್ಲ!"