ಬರ್ತೀನಿ ಅಂದವನು

ಶಿಷ್ಯ ಕೇಳಿದ: "ಗುರುಗಳೇ, ಸಾವಿನ ಮನೆಗೆ ಹೋದವರು ಈಗ ಕಂಡೋಲೆನ್ಸ್ ಎನ್ನುತ್ತಾರೆ. ಆ ಇಂಗ್ಲಿಷ್ ಮಾತಿನ ಅರ್ಥವೇನು? ಅದನ್ನು ಬಳಸುವುದು ಹೇಗೆ?"

ಗುರು ಹೇಳಿದರು: "ಅರ್ಥ ಸುಲಭ. ನಿನ್ನ ಜೊತೆ ನಾನೂ ನೋಯುತ್ತಿದ್ದೇನೆ ಎಂದು. ಬಳಕೆಗೆ ಒಂದು ಕತೆ ಹೇಳಬೇಕು."

ಒಬ್ಬ ಗಾಣಿಗನಿದ್ದ. ಒಂದು ಬೆಳಿಗ್ಗೆ ಎಂದಿನಂತೆ ಗಾಣಕ್ಕೆ ಎತ್ತು ಕಟ್ಟಿದ. ಹೆಂಡತಿ ಎಳ್ಳು ಒಣಹಾಕಲು ಮಾಳಿಗೆ ಹತ್ತಿದಳು. ಇನ್ನಷ್ಟು ಎಳ್ಳು ತಾ ಎಂದು ಅವನು ಕೆಳಗಿನಿಂದ ಕೂಗಿದ. ಉತ್ತರ ಬರಲಿಲ್ಲ. ಏಣಿ ಹತ್ತಿ ನೋಡಿದ. ಅವಳು ಎಳ್ಳಿನ ಪಕ್ಕದಲ್ಲೇ ಒರಗಿದ್ದಳು. ಜೀವ ಹೋಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಜನ ಒಬ್ಬೊಬ್ಬರಾಗಿ ಮನೆಗೆ ಬಂದರು. ಪೇಟೆಯ ವ್ಯಾಪಾರಿಯೊಬ್ಬ ತಲೆ ತಗ್ಗಿಸಿ, ಕಂಡೋಲೆನ್ಸ್ ಎಂದ. ಅದೇ ಸರಿಯಾದ ಮಾತಿರಬೇಕೆಂದು ಹಿಂದೆ ನಿಂತವರೂ ತಮ್ಮ ನಾಲಿಗೆ ಹೊರಳಿದಂತೆ ಅದನ್ನೇ ಅಂದರು. ಗಾಣಿಗನಿಗೆ ಅದು ತಿಳಿಯಲಿಲ್ಲ. ಎಲ್ಲರಿಗೂ ಕೈ ಮುಗಿದ. ಬಂದವರು ಹೊರಡುವ ಮಾತು ಹೇಳದೆ ಎದ್ದುಹೋದರು. ಸಾವಿನ ಮನೆಯಿಂದ ಹೊರಡುವಾಗ 'ಬರ್ತೀನಿ' ಎನ್ನಬಾರದೆಂಬುದು ರೂಢಿ. ಗಾಣಿಗ ಹೋಗುವವರ ಬೆನ್ನನ್ನೇ ನೋಡುತ್ತಿದ್ದ. ಬೆನ್ನು ಮರೆಯಾದ ಮೇಲೂ ನೋಡುತ್ತಿದ್ದ.

ಕೊನೆಗೆ ಉಪ್ಪು ಮಾರುವವನೊಬ್ಬ ಬಂದ. ಸ್ವಲ್ಪ ಹೊತ್ತು ಕುಳಿತ. ಏಳುವಾಗ, ಮನೆಮನೆಯ ಬಾಗಿಲಲ್ಲಿ ದಿನವೂ ಅಂದು ಅಂದು ಅಂಟಿಕೊಂಡಿದ್ದ ಮಾತು ಬಾಯಿಂದ ಜಾರಿತು: "ಬರ್ತೀನಣ್ಣ."

ಜಗಲಿಯಲ್ಲಿದ್ದ ಹಿರಿಯನೊಬ್ಬ ರೇಗಿದ. "ಲೇ, ಸಾವಿನ ಮನೇಲಿ ಬರ್ತೀನಿ ಅಂತಾರೇನೋ? ಇನ್ನೊಂದು ಹೆಣ ಎತ್ತೋಕೆ ಬರ್ತೀಯಾ? ಉಪ್ಪು ಮಾರ್ತೀಯಲ್ಲ, ತಿನ್ನೋದಿಲ್ವೇನೋ?"

ಉಪ್ಪಿನವನು ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತಣ್ಣ. ಬಾಯಿ ತಪ್ಪಿ ಬಂತು."

ಗಾಣಿಗ ತಲೆಯೆತ್ತಿದ.

"ಇರಲಿ. ಯಾವಾಗ ಬರ್ತೀಯಪ್ಪ?"

ಉಪ್ಪಿನವನು ಅತ್ತಿತ್ತ ನೋಡಿ, "ನಾಳೆ" ಎಂದ.

ನಾಳೆ ಅವನು ಬೇರೊಂದು ಊರಿನ ಸಂತೆಗೆ ಹೋಗಬೇಕಿತ್ತು.

ಮರುದಿನ ಗಾಣಿಗ ಬೆಳಗಿನಿಂದಲೇ ಹೊಸ್ತಿಲ ಬಳಿ ಕುಳಿತ. ಯಾರದೋ ಹೆಜ್ಜೆ ಕೇಳಿದಾಗಲೆಲ್ಲ ಎದ್ದು ನಿಂತ. ಬೇರೆಯವರೆಂದು ತಿಳಿದು ಮತ್ತೆ ಕುಳಿತ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಇಳಿಹೊತ್ತಿನಲ್ಲಿ ಉಪ್ಪಿನವನು ಬಂದ. ಮೂಟೆ ಇಳಿಸಿ ಎದುರಿಗೆ ಕುಳಿತ.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದು ನೋಡಿ ಕೇಳಿದ: "ಬಂದವನು ಏನು ಹೇಳಿದ, ಗುರುಗಳೇ?"

"ಅವನೇನೂ ಹೇಳಲಿಲ್ಲ. ಗಾಣಿಗನೇ ಬಾಯಿ ಬಿಟ್ಟು, ಅವಳ ಹೆಸರು ಹಾಲಮ್ಮ ಎಂದ."